ಕಟಗೇರಿಯವರ ಪರ್‌ಫೋರ್ಸ್ ಪ್ರಕರಣ

ಬೈಲಹೊಂಗಲದ ಗಿರಣಿ ಓಣಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ಬಾಳಕೃಷ್ಣ ಕಟಗೇರಿಯವರ ಕಟ್ಟೆಗೆ ಬರುತ್ತಿತ್ತು. ಕಟಗೇರಿಯವರು ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಆವಕ-ಜಾವಕ ಗುಮಾಸ್ತರಾಗಿದ್ದು ನಿವೃತ್ತರಾದವರು. ಬರುವ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು ಹಾಕುವುದು ಅವರ ಕೆಲಸವಾಗಿತ್ತು. ನಂಬರು ಹಾಕುವವನು ಮೇಲೆ ವಿಷಯ ಏನೆಂದು ನೋಡಬೇಕು, ಕೆಳಗೆ ಸಹಿ ಯಾರದೆಂದು ನೋಡಬೇಕು; ನಡುವೆ ಓದುವ ಪ್ರಮೇಯವೇ ಬರುವುದಿಲ್ಲ. ಹೀಗಾಗಿ ಅವರ ಇಂಗ್ಲಿಷಿಗೆ ಗಟ್ಟಿಯಾದ ತಲೆಯಿತ್ತು, ಗಟ್ಟಿಯಾದ ಕಾಲಿತ್ತು. ನಡುವೆ ಹೊಟ್ಟೆ ಮಾತ್ರ ಇರಲಿಲ್ಲ. ಆದರೆ ‘ವಿತ್ ರೆಫರೆನ್ಸ್ ಟು ದ ಅಬೋವ್’ ಎಂದು ಅವರು ಕನ್ನಡಕ ಏರಿಸಿ ಶುರು ಮಾಡಿದರೆ ಓಣಿಯವರು ಕೈಕಟ್ಟಿ ನಿಲ್ಲುತ್ತಿದ್ದರು. ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದು ಮುಗಿಸಿದರೆ ಕೆಲಸ ಆದ ಹಾಗೆಯೇ ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಇಂಥವರ ಮಹಡಿ ಮನೆಗೆ ಬಾಡಿಗೆಗೆ ಬಂದವನು ಗೌತಮ. ಸುರೇಬಾನದ ಹುಡುಗ, ಊರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕ. ತಮ್ಮ ತಲೆಯ ಮೇಲೆಯೇ ಒಬ್ಬ ಇಂಗ್ಲಿಷ್ ಮಾಸ್ತರ ವಾಸಿಸುತ್ತಾನೆ ಎಂದರೆ ಓಣಿಯ ಮರ್ಯಾದೆ ಎರಡು ಭಾಗವಾಗುವ ಭಯ. ಕಟಗೇರಿಯವರು ಮೊದಲ ದಿನವೇ ಒಂದು ಕರಾರು ಹಾಕಿದರು.

“ನೋಡ್ರಿ ಸರ್, ಬಾಯಿಮಾತು ಗಾಳಿ ಇದ್ದಂಗ. ಮಾಲಕ, ಬಾಡಿಗಿದಾರ ಅಂದಮ್ಯಾಲೆ ನಮ್ಮ ನಡುವಿನ ವ್ಯವಹಾರ ಎಲ್ಲಾ ಬರವಣಿಗ್ಯಾಗ ಇರಬೇಕು. ಅದೂ ಇಂಗ್ಲಿಷಿನ್ಯಾಗ.”

ಹಿರಿಯರ ಈ ಆಸೆ ಗೌತಮನಿಗೆ ಹಿಡಿಸಿತು. ಇಷ್ಟು ಅಕ್ಕರೆಯಿಂದ ಕೇಳುವವರಿಗೆ ಸಾದಾ ಇಂಗ್ಲಿಷ್ ಬರೆದರೆ ಅವಮಾನ ಮಾಡಿದಂತೆ ಎಂದು ಅವನು ಕಪಾಟಿನಲ್ಲಿಟ್ಟ ಒಳ್ಳೆಯ ಶಬ್ದಗಳನ್ನೆಲ್ಲ ಹೊರತೆಗೆದು ಬಳಸತೊಡಗಿದ. ಮೇಲಿನ ನೀರಿನ ಟಾಕಿ ಸೋರಿದರೆ ಪತ್ರ, ಕರೆಂಟು ಹೋದರೆ ಪತ್ರ. ಕಟಗೇರಿಯವರು ಪ್ರತಿ ಪತ್ರಕ್ಕೂ ಆವಕ ನಂಬರು ಹಾಕಿ ಫೈಲಿಗೆ ಸೇರಿಸುತ್ತಿದ್ದರು. ಪತ್ರ ಕೊಟ್ಟು ಮೆಟ್ಟಿಲು ಹತ್ತುವಾಗ ಗೌತಮ ಅಡುಗೆಮನೆಯ ಕಿಟಕಿಗೆ ಬಾಗಿ “ಕಾಕೂ, ಟಾಕಿ ಸೋರಾಕತ್ತೇತ್ರಿ” ಎನ್ನುತ್ತಿದ್ದ. ಕಟಗೇರಿಯವರ ಹೆಂಡತಿ ಲೀಲಾಬಾಯಿ ನಲ್ಲಿಯವನಿಗೆ ಫೋನು ಮಾಡುತ್ತಿದ್ದರು. ಎರಡು ವರ್ಷ ಮನೆ ನಡೆದದ್ದು ಈ ಕಿಟಕಿಯ ಮೇಲೆ. ಕಟಗೇರಿಯವರು ಮಾತ್ರ ಅದು ಪತ್ರವ್ಯವಹಾರದಿಂದ ನಡೆದಿದೆ ಎಂದು ನಂಬಿದ್ದರು.

ದಸರೆಯ ಹೊತ್ತಿಗೆ ಗೌತಮನಿಗೆ ಕಿತ್ತೂರಿಗೆ ಬದಲಿಯಾಯಿತು. ತಿಂಗಳ ಕೊನೆಗೆ ಮನೆ ಬಿಡುತ್ತೇನೆ ಎಂದು ಬರೆದುಕೊಟ್ಟ. ಲೀಲಾಬಾಯಿಯವರ ತಮ್ಮ ಸಂಜೀವ ಸವದತ್ತಿಯಲ್ಲಿ ಬಾಂಡ್ ಬರೆಯುವವನು. ಅವನು ಕೂಡಲೇ ತನ್ನ ಗುರುತಿನ ಬ್ಯಾಂಕಿನ ಸಾಹೇಬರೊಬ್ಬರಿಗೆ ಆ ಮನೆ ಗೊತ್ತುಮಾಡಿ ಮಾತು ಕೊಟ್ಟುಬಿಟ್ಟ. ಅಷ್ಟರಲ್ಲಿ ಒಂದು ಮಂಗಳವಾರ ಗೌತಮನ ಇನ್ನೊಂದು ಪತ್ರ ಬಂತು. ಅಂದು ಲೀಲಾಬಾಯಿ ದೇವಸ್ಥಾನಕ್ಕೆ ಹೋಗಿದ್ದರು, ಕಿಟಕಿ ಮುಚ್ಚಿತ್ತು.

ಕಟಗೇರಿಯವರು ಪದ್ಧತಿಯಂತೆ ತಲೆ ನೋಡಿದರು, ಕಾಲು ನೋಡಿದರು. ಸಹಿಯ ಪಕ್ಕದಲ್ಲೇ ಇದ್ದ ಕಾರಣ ಕೊನೆಯ ಸಾಲೊಂದು ಕಣ್ಣಿಗೆ ಬಿತ್ತು. ‘ಐ ಶಾಲ್ ಪರ್’ ಎಂಬಲ್ಲಿಗೆ ಒಂದು ಸಾಲು ಮುಗಿದಿತ್ತು. ಮುಂದಿನ ಸಾಲು ‘ಫೋರ್ಸ್ ಕಂಟಿನ್ಯೂ ಇನ್ ಯುವರ್ ಹೌಸ್’ ಎಂದಿತ್ತು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ‘ನಿಮ್ಮ ಮನೆಯಲ್ಲಿ ಮುಂದುವರಿಯುತ್ತೇನೆ’ ಎಂಬುದು ಸ್ಪಷ್ಟವಾಗಿತ್ತು. ಪ್ರಶ್ನೆ ಇದ್ದುದು ಹೇಗೆ ಎಂಬುದರಲ್ಲಿ. ನಿಘಂಟು ತೆರೆದರು. ಸಾಲು ಎರಡು ಇದ್ದುದರಿಂದ ಶಬ್ದವೂ ಎರಡೇ ಎಂದು ‘ಪರ್’ ಬೇರೆ ನೋಡಿದರು, ‘ಫೋರ್ಸ್’ ಬೇರೆ ನೋಡಿದರು. ಪರ್ ಎಂದರೆ ತಲಾ, ಪ್ರತಿ. ಫೋರ್ಸ್ ಎಂದರೆ ಬಲ, ಜುಲುಮೆ, ಪಡೆ, ಸೈನ್ಯ. ಬಾಗಿಲು ಮುಂದಕ್ಕೆ ಎಳೆದುಕೊಂಡು ಫೋನಿಗೆ ಮೆಲ್ಲಗೆ “ಪರ್ ಫೋರ್ಸ್” ಎಂದರು. ಫೋನು ಅದನ್ನು ಏರ್ ಫೋರ್ಸ್ ಎಂದು ಕೇಳಿಸಿಕೊಂಡು ನಾಲ್ಕು ಯುದ್ಧವಿಮಾನ ತೋರಿಸಿತು.

ದೇವಸ್ಥಾನದಿಂದ ಬಂದ ಲೀಲಾಬಾಯಿ ಗಂಡನ ಮುಖ ನೋಡಿ ಕೇಳಿದರು, “ಏನಾತ್ರಿ?”

“ಏನಿಲ್ಲ. ಮ್ಯಾಲಿನಾಂವ ಮನಿ ಬಿಡೂದಿಲ್ಲಂತ. ಜುಲುಮಿಲೆ ಇರತಾನಂತ.”

“ಗೌತಮ? ಅಂವ ಯಾಕ ಹಂಗ ಅಂದಾನು? ನಾ ಕೇಳ್ತೀನಿ ತಡೀರಿ.”

“ಏ, ಕೇಳಬ್ಯಾಡ. ಬರವಣಿಗ್ಯಾಗ ಕೊಟ್ಟಾನ. ಬರವಣಿಗಿಗೆ ಬಾಯಿಲೆ ಉತ್ತರ ಕೊಟ್ರ ನಮ್ಮ ಕೇಸ್ ಹಾಳಾಗ್ತದ.”

ಕೇಸ್ ಎಂಬ ಶಬ್ದ ಹೀಗೆ ಮನೆಯೊಳಗೆ ಬಂತು. ಲೀಲಾಬಾಯಿ ಎರಡು ವರ್ಷದಲ್ಲಿ ಮೊದಲ ಸಲ ಅಡುಗೆಮನೆಯ ಕಿಟಕಿಗೆ ಒಳಗಿನಿಂದ ಕೊಂಡಿ ಹಾಕಿದರು.

ಮರುದಿನ ಎದುರುಮನೆಯ ಗಿರಣಿಯ ಮಡಿವಾಳೆಪ್ಪನಿಗೆ ವಿಷಯ ತಿಳಿಯಿತು. ಮಡಿವಾಳೆಪ್ಪ ಹಿಟ್ಟು ಬೀಸುವಾಗಲೂ ಪೇಪರಿನ ಅಪರಾಧದ ಪುಟ ಓದುವ ಮನುಷ್ಯ. ಪತ್ರ ತಿರುವಿ ನೋಡಿ ಹಿಟ್ಟಿನ ಬೆರಳಿನ ಗುರುತು ಮೂಡಿಸಿ ಹೇಳಿದ, “ತಲಾ ಫೋರ್ಸ್ ಅಂದ್ರ ಏನ್ರಿ? ಒಬ್ಬಂವ ಅಲ್ಲ, ಮಂದಿ ಕೂಡ್ಯಾರ ಅಂತ ಅರ್ಥ. ನಾ ಮೂರು ದಿನದಿಂದ ನೋಡಾಕತ್ತೇನಿ. ಸಂಜಿ ಆರಕ್ಕ ಹುಡುಗ್ರು ಮ್ಯಾಲ ಹೊಕ್ಕಾರ, ಎಂಟಕ್ಕ ಇಳೀತಾರ. ನಿಮಗೇನರ ಕೇಳಿಸೇತೇನ?”

ಕೇಳಿಸಿತ್ತು. ಕಟಗೇರಿಯವರು ಅಂದು ಸಂಜೆ ಮೆಟ್ಟಿಲ ಕೆಳಗೆ ನಿಂತು ಮತ್ತೆ ಕೇಳಿದರು. ಮೇಲಿನಿಂದ ಹುಡುಗನೊಬ್ಬ “ಸರೆಂಡರ್” ಎಂದು ಕೂಗಿದ. ಇನ್ನೊಬ್ಬ “ನೆವರ್” ಎಂದ. ಏನೋ ಧಡಾರನೆ ಬಿತ್ತು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಲೀಲಾಬಾಯಿ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿ ಎಣಿಸಿ ಬಂದು ಎಂಟು ಜೋಡಿ ಎಂದರು. ಕಟಗೇರಿಯವರು ಪತ್ರದ ಬದಿಗೆ ಪೆನ್ಸಿಲಿನಿಂದ ‘ಫೋರ್ಸ್: ಎಂಟು’ ಎಂದು ಬರೆದುಕೊಂಡರು.

ಶುಕ್ರವಾರ ಸವದತ್ತಿಯಿಂದ ಸಂಜೀವ ಬಂದ. ಬ್ಯಾಂಕಿನ ಸಾಹೇಬರಿಗೆ ಕೊಟ್ಟ ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತು ವರ್ಷ ಕೂತವನು ಇಂಗ್ಲಿಷ್ ಶಬ್ದ ಗೊತ್ತಿಲ್ಲ ಎನ್ನುವುದುಂಟೆ? ಪತ್ರ ಓದಿ ತಲೆ ತೂಗಿದ.

“ಭಾವಾ, ಇದು ಸಾದಾ ಶಬ್ದ ಅಲ್ಲ. ಇದು ಕಾಯ್ದೆ ಶಬ್ದ. ಹನ್ನೆರಡು ವರ್ಷ ಪರ್ ಫೋರ್ಸ್ ಕೂತ ಅಂದ್ರ ಮನಿ ಅವಂದs. ಬರದು ಕೊಟ್ಟಾನ ನೋಡ್ರಿ, ಎಷ್ಟು ಧೈರ್ಯ.”

“ಎರಡು ವರ್ಷ ಆಗೇ ಹೋಗ್ಯಾವಲ್ಲೋ,” ಎಂದರು ಲೀಲಾಬಾಯಿ.

“ಹತ್ತs ಉಳದಾವ,” ಎಂದ ಸಂಜೀವ, ಬಸ್ಸಿಗೆ ಹತ್ತೇ ನಿಮಿಷ ಉಳಿದಿದೆ ಎನ್ನುವ ದನಿಯಲ್ಲಿ.

ಮೂವರೂ ಠಾಣೆಗೆ ಹೋದರು. ಇಂಗ್ಲಿಷಿನಲ್ಲಿ ಬಂದ ಬೆದರಿಕೆಗೆ ಇಂಗ್ಲಿಷಿನಲ್ಲೇ ತಕರಾರು ಕೊಡಬೇಕೆಂದು ಕಟಗೇರಿಯವರು ಹಿಂದಿನ ದಿನವೇ ಬರೆದಿಟ್ಟಿದ್ದರು. ತಲೆ, ಕಾಲು ಎಂದಿನಂತೆ ಚೆನ್ನಾಗಿದ್ದವು. ನಡುವೆ ‘ಟೆನಂಟ್ ಈಸ್ ಪರ್ ಫೋರ್ಸ್. ಐ ಆ್ಯಮ್ ಓಲ್ಡ್. ಹಿ ಈಸ್ ಎಯ್ಟ್’ ಎಂದಿತ್ತು. ಎ.ಎಸ್.ಐ. ಸಾಹೇಬರು ಅದನ್ನು ಎರಡು ಸಲ ಓದಿದರು.

“ಬಾಡಿಗಿದಾರನ ವಯಸ್ಸು ಎಂಟು?”

“ಅಲ್ಲರಿ, ಅವನ ಫೋರ್ಸ್ ಎಂಟು.”

ಸಾಹೇಬರು ಮೂಲ ಪತ್ರ ಕೇಳಿ ಪಡೆದು ಆ ಶಬ್ದದ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತರು. ಎದುರಿಗೆ ಇಬ್ಬರು ಇಂಗ್ಲಿಷ್ ಬಲ್ಲವರು, ಪಕ್ಕದಲ್ಲಿ ಹವಾಲ್ದಾರ ಶ್ರೀಶೈಲ. ಕೊನೆಗೆ, “ಗಂಭೀರ ಶಬ್ದ ಐತಿ,” ಎಂದು ನಿಟ್ಟುಸಿರು ಬಿಟ್ಟರು. “ಶ್ರೀಶೈಲ, ನೀ ಹೋಗಿ ವಿಚಾರಣಿ ಮಾಡಿಕೊಂಡು ಬಾ. ಯಾರು, ಯಾವ ಊರವರು, ಹಿಂದ ಮುಂದ ಎಲ್ಲಾ ಕೇಳ್ಕೊ.”

ಶ್ರೀಶೈಲ ಕೇಳಿದ, “ಫೋರ್ಸ್ ಅಂದ್ರ ಎಂಥಾ ಫೋರ್ಸ್ರಿ ಸಾಹೇಬ್ರ?”

“ಅದನ್ನ ನೋಡಿಕೊಂಡು ಬಾ ಅಂತ ಕಳಸಾಕತ್ತೇನಿ.”

ರವಿವಾರ ಬೆಳಿಗ್ಗೆ ಶ್ರೀಶೈಲ ಬರುವುದಕ್ಕೂ, ಸುರೇಬಾನದ ಗೌತಮನ ತಂದೆ ಪರಪ್ಪ ಬರುವುದಕ್ಕೂ ಒಂದು ತಾಸಿನ ಅಂತರವಿತ್ತು. ಮೊದಲು ಪರಪ್ಪ ಬಂದದ್ದನ್ನು ಮಡಿವಾಳೆಪ್ಪ ಗಿರಣಿಯ ಬಾಗಿಲಲ್ಲಿ ನಿಂತು ಕಂಡ. ಎತ್ತರದ ಮುದುಕ, ಹೆಗಲ ಮೇಲೆ ಜೋಳದ ಚೀಲ, ಕೈಯಲ್ಲಿ ಇನ್ನೊಂದು ಚೀಲ. ಆ ಚೀಲದಿಂದ ಹಾರೆಯ ತುದಿ, ಸುತ್ತಿಗೆಯ ಹಿಡಿ ಕಾಣುತ್ತಿದ್ದವು. ಮೆಟ್ಟಿಲು ಹತ್ತುವಾಗ ಚೀಲದ ಬಾಯಿಂದ ದಾರಕ್ಕೆ ಕಟ್ಟಿದ ಒಂದು ಕಬ್ಬಿಣದ ಗುಂಡು ಉರುಳಿ ಬಿತ್ತು. ಮುದುಕ ಅದನ್ನೆತ್ತಿ ಒರೆಸಿ ಜೋಪಾನವಾಗಿ ಇಟ್ಟುಕೊಂಡ.

ಮಡಿವಾಳೆಪ್ಪ ರಸ್ತೆ ದಾಟಿ ಬಂದು ಉಸಿರುಬಿಟ್ಟ. “ಒಂಬತ್ತನೇದಾಂವ ಬಂದ್ರಿ. ಆಯುಧಾ ಹಿಡಕೊಂಡು ಬಂದಾನ.”

ಸ್ವಲ್ಪ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಟಕ್ ಟಕ್ ಎಂದು ಬಡಿಯುವ ಸದ್ದಾಯಿತು. ಲೀಲಾಬಾಯಿ ಎದ್ದು ನಿಂತು ಮಾಳಿಗೆ ನೋಡಿದರು. “ಮನಿ ಒಡೀಲಿಕತ್ತಾರೇನ್ರೀ?” ಎಂದರು. ಕಟಗೇರಿಯವರಿಗೆ ತಮ್ಮ ಮನೆಯ ಮೇಲೆ ಇಷ್ಟು ಪ್ರೀತಿ ಇದೆ ಎಂದು ಅಂದೇ ಗೊತ್ತಾಯಿತು.

ಶ್ರೀಶೈಲ ಬಂದು ನೇರ ಮೇಲೆ ಹೋದ. ಗೌತಮ ಕಾಲೇಜಿಗೆ ಹೋಗಿದ್ದ. ವಾರ್ಷಿಕ ಸಮಾರಂಭಕ್ಕೆ ಹುಡುಗರಿಗೆ ಇಂಗ್ಲಿಷ್ ನಾಟಕ ಕಲಿಸುತ್ತಿದ್ದ ಅವನು ಸಂಜೆ ಮಹಡಿಯಲ್ಲಿ ನಡೆಸುತ್ತಿದ್ದ ತಾಲೀಮನ್ನು ಅಂದು ಅಲ್ಲೇ ಇಟ್ಟುಕೊಂಡಿದ್ದ. ಪರಪ್ಪ ಒಬ್ಬನೇ ಇದ್ದ. ಹವಾಲ್ದಾರ ನಾಟಕೀಯವಾಗಿ ಸುತ್ತ ನೋಡಿ ಪುಸ್ತಕ ತೆಗೆದ.

“ಹೆಸರು?”

“ಪರಪ್ಪ.”

“ಕೆಲಸ?”

“ಗೌಂಡಿ. ಮನಿ ಕಟ್ಟತೇನಿ.”

“ಯಾವ ಊರು, ಯಾವ ಮಂದಿ?”

ಪರಪ್ಪ ಸುತ್ತಿಗೆ ಕೆಳಗಿಟ್ಟ. ಈ ಪ್ರಶ್ನೆಯ ಎರಡನೆಯ ಅರ್ಧ ಅವನಿಗೆ ಹೊಸದಲ್ಲ. ಅರವತ್ತೈದು ವರ್ಷದಲ್ಲಿ ಎಷ್ಟೋ ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡದ್ದು. “ಯಾಕ್ರಿ? ಯಾರು ಕೇಳಾಕ ಹೇಳ್ಯಾರ?” ಎಂದ.

“ಮಾಲಕರು ತಕರಾರು ಕೊಟ್ಟಾರ. ನೀವು ಮನಿ ಬಿಡವಲ್ರಿ ಅಂತ.”

ಪರಪ್ಪ ಮತ್ತೇನೂ ಕೇಳಲಿಲ್ಲ. ಯಾವ ಮಂದಿ ಎಂಬುದನ್ನು ಸ್ಪಷ್ಟವಾಗಿ, ತಲೆ ಎತ್ತಿ ಹೇಳಿದ. ಶ್ರೀಶೈಲ ಅದನ್ನು ಬರೆದುಕೊಂಡು, ಫೋರ್ಸ್ ಎಲ್ಲೂ ಕಾಣಲಿಲ್ಲವೆಂದು ಗೊಣಗುತ್ತ ಇಳಿದುಹೋದ. ಮಧ್ಯಾಹ್ನ ಗೌತಮ ಬರುವಷ್ಟರಲ್ಲಿ ಭಾಂಡೆ-ಪಾತ್ರೆಗಳು ಚೀಲ ಸೇರಿದ್ದವು. ಗೋಡೆಯ ಮೇಲಿನ ಬುದ್ಧನ ಚಿತ್ರ ಪರಪ್ಪನ ಕಂಕುಳಲ್ಲಿತ್ತು.

ತಂದೆ ಮಗ ಕೆಳಗೆ ಬಂದು ಅಂಗಳದಲ್ಲಿ ನಿಂತಾಗ ಅಲ್ಲಿ ಕಟಗೇರಿಯವರು, ಲೀಲಾಬಾಯಿ, ಸಂಜೀವ, ಮಡಿವಾಳೆಪ್ಪ ಎಲ್ಲರೂ ಇದ್ದರು. ಓಣಿಯ ಹತ್ತಾರು ಜನ ಅವರವರ ಕಟ್ಟೆಯ ಮೇಲೆ ಇದ್ದರು. ಪರಪ್ಪ ಕೀಲಿಕೈ ಮುಂದೆ ಚಾಚಿದ.

“ತಗೋರಿ ಸಾಹೇಬ್ರ. ಪೊಲೀಸರನ ಕಳಸೂದು ಬೇಕಿರಲಿಲ್ಲ. ಬಾಯಿಲೆ ಅಂದಿದ್ರ ಆಗತಿತ್ತು.”

ಸಂಜೀವ ಕೀಲಿಕೈಗೆ ಕೈ ನೀಡಿದ. ಪರಪ್ಪ ಅವನಿಗೆ ಕೊಡಲಿಲ್ಲ.

“ಒಂದು ಮಾತು ಕೇಳತೇನಿ. ಖರೇ ಹೇಳ್ರಿ. ನಾ ಈ ಸೀಮ್ಯಾಗ ನೂರಾ ಇಪ್ಪತ್ತು ಮನಿ ಕಟ್ಟೇನಿ. ವಾಸ್ತುಶಾಂತಿ ಆದಮ್ಯಾಲ ನನ್ನ ಒಳಗ ಕರದವರು ನಾಕ ಮಂದಿ. ಮಗಾ ‘ಬೈಲಹೊಂಗಲದ ಕಟಗೇರಿಯವರು ಹಂಗಲ್ಲಪಾ, ಅವರಿಗೆ ನನ್ನ ಇಂಗ್ಲಿಷ್ ಒಂದs ಬೇಕು’ ಅಂತಿದ್ದ. ಎರಡು ವರ್ಷ ಆದಮ್ಯಾಲ ನಿಮಗ ನಾವು ಯಾರು ಅಂತ ಗೊತ್ತಾಗೇತಿ. ಅದಕ್ಕ ಬಿಡಸಾಕ ಹತ್ತೀರಿ. ಹೌದೋ ಅಲ್ಲೋ?”

ಕಟಗೇರಿಯವರಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದೇ ಮೊದಲು ತಿಳಿಯಲಿಲ್ಲ. ಗೌತಮ ಯಾರೆಂಬುದು ಅವರಿಗೆ ಮನೆ ಕೊಟ್ಟ ದಿನವೇ ಗೊತ್ತಿತ್ತು. ಪರಪ್ಪನ ಪ್ರಶ್ನೆಯ ಅರ್ಥ ತಿಳಿದಾಗ ಅವರು ಗೌತಮನತ್ತ ತಿರುಗಿದರು. ಗೌತಮ ಅವರ ಮುಖ ನೋಡುತ್ತಿರಲಿಲ್ಲ. ಮುಚ್ಚಿದ ಅಡುಗೆಮನೆಯ ಕಿಟಕಿ ನೋಡುತ್ತಿದ್ದ. ಉತ್ತರ ಒಂದೇ ಇತ್ತು. ಆದರೆ ಅದನ್ನು ಹೇಳಬೇಕಾದರೆ ಮೂವತ್ತೊಂದು ವರ್ಷದ ಮರ್ಯಾದೆಯನ್ನು ಇಡೀ ಓಣಿಯ ಎದುರು ಅಂಗಳದಲ್ಲಿ ಸುರಿಯಬೇಕಿತ್ತು. ಕಟಗೇರಿಯವರು ಒಮ್ಮೆ ಸಂಜೀವನತ್ತ ನೋಡಿದರು. ಒಮ್ಮೆ ಮಡಿವಾಳೆಪ್ಪನತ್ತ ನೋಡಿದರು. ಆಮೇಲೆ ಹೇಳಿದರು.

“ಇಲ್ಲರಿ. ನನಗ ಆ ಶಬ್ದದ ಅರ್ಥ ಗೊತ್ತಾಗಲಿಲ್ಲ.”

“ಯಾವ ಶಬ್ದ?”

“ನಿಮ್ಮ ಮಗಾ ಬರದದ್ದು. ಪರ್ ಫೋರ್ಸ್. ಜುಲುಮಿಲೆ ಇರತೀನಿ ಅಂತ ಬರದಾನ ಅಂತ ತಿಳಕೊಂಡೆ. ನನಗ ಇಂಗ್ಲಿಷ್ ಬರೂದಿಲ್ಲ.”

ಇಷ್ಟು ದೊಡ್ಡ ತ್ಯಾಗ ಮಾಡಿದ ಮೇಲೆ ಎದುರಿಗಿದ್ದವರು ನಂಬಬೇಕಲ್ಲ. ಪರಪ್ಪ ನಕ್ಕ, ಸಂತೋಷದ ನಗೆಯಲ್ಲ. “ಸಾಹೇಬ್ರ, ಸುಳ್ಳಿಗೂ ಒಂದು ಅಳತಿ ಇರತೈತಿ. ನಿಮ್ಮ ಇಂಗ್ಲಿಷಿನ ಸುದ್ದಿ ಸುರೇಬಾನದ ಮಟಾ ಬಂದೈತಿ. ಬಸ್ಸ್ಯಾಗ ಗಿರಣಿ ಓಣಿ ಅಂದ್ರ, ಇಂಗ್ಲಿಷ್ ಕಟಗೇರಿಯವರ ಓಣಿ ಏನ ಅಂತಾರ.”

ಗೌತಮನೂ ತಲೆ ಅಲ್ಲಾಡಿಸಿದ. “ನೀವು ನನ್ನ ಪತ್ರ ಎಲ್ಲಾ ಫೈಲ್ ಮಾಡೀರಿ ಸರ್. ಎರಡು ವರ್ಷ ಓದೀರಿ.”

“ನಂಬರ್ ಹಾಕೀನಿ. ಓದಿಲ್ಲ.”

ಓಣಿಯವರೂ ಒಪ್ಪಲಿಲ್ಲ. ಕಟ್ಟೆಯ ಮೇಲಿಂದ ಯಾರೋ “ದೊಡ್ಡವರು, ಬರೂದಿಲ್ಲ ಅಂತಾರ, ವಿನಯ” ಎಂದರು. ಕಟಗೇರಿಯವರು ಜೀವಮಾನವಿಡೀ ಇಂಗ್ಲಿಷ್ ಬರುತ್ತದೆಂದು ನಂಬಿಸಲು ಪಟ್ಟ ಕಷ್ಟ ಈಗ ಬರುವುದಿಲ್ಲವೆಂದು ನಂಬಿಸಲು ಅಡ್ಡವಾಗಿ ನಿಂತಿತು. ಅವರು ಹೆಂಡತಿಯತ್ತ ತಿರುಗಿ, “ಲೀಲಾ, ನೀನರ ಹೇಳs,” ಎಂದರು.

ಲೀಲಾಬಾಯಿ ಸೆರಗು ಸರಿಮಾಡಿಕೊಂಡರು. ಗಂಡನ ಮಾನ ಮೂವತ್ತೈದು ವರ್ಷ ಮುಚ್ಚಿಟ್ಟವರು, ಬಿಚ್ಚುವಾಗ ಅಚ್ಚುಕಟ್ಟಾಗಿ ಬಿಚ್ಚಿದರು.

“ಇವರ ಆಫೀಸರ್ ತಾಯಿ ತೀರಿಕೊಂಡಿದ್ರು. ಇವರು ಸಾಂತ್ವನದ ಕಾಗದ ಬರದು ಕೊನಿಗೆ ‘ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದ ಡೇ’ ಅಂತ ಹಾಕಿದ್ರು. ಎರಡು ತಿಂಗಳು ಆ ಆಫೀಸರ್ ಇವರ ಮಾರಿ ನೋಡಲಿಲ್ಲ.”

“ಹೋದವರು ಸಂತೋಷದಿಂದ ಹೊಳ್ಳಿ ಬರಲಿ ಅಂತ ಬರದಿದ್ದೆ,” ಎಂದು ಕಟಗೇರಿಯವರು ದನಿ ತಗ್ಗಿಸಿ ಪುಷ್ಟಿ ಕೊಟ್ಟರು.

ಗೌತಮನ ತುಟಿ ಅಲುಗಿತು. ಅವನು ಹತ್ತಿರ ಬಂದು ಪರೀಕ್ಷೆಯ ದನಿಯಲ್ಲಿ ಕೇಳಿದ, “ಸರ್, ನೀವು ಯಾವಾಗಲೂ ಬರೀತೀರಿ, ಕೈಂಡ್ಲಿ ಡು ದ ನೀಡ್‌ಫುಲ್ ಅಂತ. ನೀಡ್‌ಫುಲ್ ಅಂದ್ರೇನ್ರಿ?”

ಕಟಗೇರಿಯವರು ಪ್ರಾಮಾಣಿಕವಾಗಿ ವಿಚಾರ ಮಾಡಿದರು. “ಗ್ಲಾಸ್ ಫುಲ್ ಅಂತೀವಲ್ಲ, ಹಂಗ. ತುಂಬಿಸಿ ನೀಡ್ರಿ ಅಂತ.”

ಮಡಿವಾಳೆಪ್ಪ ಇದ್ದಕ್ಕಿದ್ದಂತೆ ಮುಂದೆ ಬಂದ. ಅವನ ಮುಖದಲ್ಲಿ ಆರು ವರ್ಷದ ಸಂಶಯವೊಂದು ಏಳುತ್ತಿತ್ತು. “ತಡೀರಿ. ನನ್ನ ಗಿರಣಿಗೆ ಹೊಸಾ ಲೈನ್ ಜೋಡಸ್ರಿ ಅಂತ ಅರ್ಜಿ ಬರದು ಕೊಟ್ಟಿದ್ರಲ್ಲ. ಕರೆಂಟಿನವರು ಬಂದು ಇದ್ದ ಲೈನ್ ಕಿತ್ತುಕೊಂಡು ಹೋದ್ರು. ನಾ ವರ್ಷಗಟ್ಟಲೆ ಅವರನ್ನs ಬೈಕೋತ ಬಂದೇನಿ. ನೀವು ಏನ್ ಬರದಿದ್ರಿ?”

“ಡಿಸ್‌ಕನೆಕ್ಟ್ ಅಂತ,” ಎಂದರು ಕಟಗೇರಿಯವರು. “ಬರೇ ಕನೆಕ್ಟ್ ಅಂದ್ರ ತೂಕ ಕಡಿಮಿ ಆಗ್ತದ ಅನಸ್ತು.”

ಓಣಿಯ ಕಟ್ಟೆಗಳ ಮೇಲೆ ಒಬ್ಬೊಬ್ಬರೇ ಎದ್ದು ನಿಂತರು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಅರ್ಜಿ ನೆನಪಾಗತೊಡಗಿತ್ತು. ಯಾರಿಗೋ ಬಾರದೇ ಹೋದ ಪಿಂಚಣಿ, ಯಾರಿಗೋ ತಪ್ಪಾಗಿ ಬಂದ ವಧುವಿನ ಫೋಟೊ. ಪರಪ್ಪ ಎಲ್ಲರ ಮುಖ ನೋಡಿದ. ಸಾಕ್ಷಿ ಬಲವಾಗಿತ್ತು.

“ಹಂಗಾರ ಆ ಶಬ್ದದ ಅರ್ಥ ಏನೋ?” ಎಂದು ಮಗನನ್ನು ಕೇಳಿದ.

ಗೌತಮ ಕಟ್ಟೆಯ ಮೇಲೆ ಕೂತ. ಎರಡು ಸಾಲು ಕೂಡಿಸಿ ತೋರಿಸಿದ. “ಇದು ಎರಡಲ್ಲರಿ, ಒಂದs ಶಬ್ದ. ಪರ್‌ಫೋರ್ಸ್. ಸಾಲು ಮುಗೀತು, ನಡುವ ಗೀಟು ಹಾಕೂದು ಬಿಟ್ಟೆ, ನಂದೂ ತಪ್ಪೈತಿ. ಬ್ಯಾರೆ ದಾರಿ ಇಲ್ಲದ, ಅನಿವಾರ್ಯವಾಗಿ ಅಂತ ಅರ್ಥ. ನಮ್ಮ ಕಡೆ ನಾಇಲಾಜಾಗಿ ಅಂತಾರಲ್ಲ, ಅದು. ಬದಲಿ ತಡದಾರ, ಹಿಂಗಾಗಿ ನಾಇಲಾಜಾಗಿ ನಿಮ್ಮ ಮನ್ಯಾಗ ಇನ್ನಷ್ಟು ದಿನಾ ಇರಬೇಕಾಗೇತಿ, ತ್ರಾಸ ಕೊಡಾಕತ್ತೇನಿ, ಕ್ಷಮಾ ಮಾಡ್ರಿ ಅಂತ ಬರದೇನಿ.”

“ಕ್ಷಮಾ?” ಎಂದರು ಲೀಲಾಬಾಯಿ. ಅಷ್ಟೂ ದಿನ ಅವರು ಚಪ್ಪಲಿ ಎಣಿಸಿದ್ದರು.

ಕಟಗೇರಿಯವರು ಕುಸಿದು ಕೂತದ್ದನ್ನು ನೋಡಲಾಗದೆ ಗೌತಮ ಮುಂದುವರಿಸಿದ. “ನಿಮ್ಮ ಅರ್ಥನೂ ಪೂರಾ ತಪ್ಪಲ್ಲರಿ ಸರ್. ಇದು ಫ್ರೆಂಚರ ಕಡೆಯಿಂದ ಇಂಗ್ಲಿಷಿಗೆ ಬಂದ ಶಬ್ದ. ಅಲ್ಲಿ ‘ಪಾರ್ ಫೋರ್ಸ್’ ಅಂದ್ರ ಬಲದಿಂದ, ಜುಲುಮಿಲೆ ಅಂತನs ಇತ್ತು. ಇಂಗ್ಲಿಷಿನ್ಯಾಗೂ ಮೊದಲ ಅದs ಅರ್ಥ. ಆಮ್ಯಾಲ ನಿಧಾನಕ ಬದಲಾತು.”

ಕಟಗೇರಿಯವರು ತಲೆ ಎತ್ತಿದರು. “ಎಷ್ಟು ವರ್ಷದ ಹಿಂದ?”

“ಏಳುನೂರು ವರ್ಷ ಅಂದಾಜು.”

“ಅಂದ್ರ ನಂದು ತಪ್ಪಲ್ಲ. ಸ್ವಲ್ಪ ತಡಾ ಆಗೇದ.”

ಪರಪ್ಪ ಆ ಶಬ್ದವನ್ನು ತನ್ನಷ್ಟಕ್ಕೆ ಎರಡು ಸಲ ಅಂದು ನೋಡಿದ. “ಮೊದಲ ಜುಲುಮಿ ಮಾಡಾವ ಆಡೂ ಮಾತಾಗಿತ್ತು,” ಎಂದ. “ಆಮ್ಯಾಲ ಜುಲುಮಿ ತಿಂದಾವ ಆಡೂ ಮಾತಾತು. ಛಲೋ ನಡದೈತಿ ಶಬ್ದ, ಇಷ್ಟು ದೂರ.”

ಲೀಲಾಬಾಯಿ ಹಾರೆ, ಸುತ್ತಿಗೆಯ ಚೀಲದತ್ತ ಬೆರಳು ಮಾಡಿ ಹಿಂಜರಿಯುತ್ತ ಕೇಳಿದರು, “ಮತ್ತ ಇವು ಯಾಕ ತಂದಿದ್ರಿ?”

“ಟಾಕಿ ಬುಡಕ ಸೋರತೈತಿ ಅಂತ ಮಗಾ ಅಂದಿದ್ದ. ಇನ್ನಷ್ಟು ದಿನಾ ಇರಾವ ಅದಾನ, ಮಾಲಕರ ಮಾಳಿಗಿ ಒಂದು ಸರಿಮಾಡಿ ಕೊಡೂಣು ಅಂತ ಬಂದೆ. ಬಡದು ನೋಡಿದೆ. ಸಿಮೆಂಟ್ ಗಿಲಾವು ಟೊಳ್ಳ ಬಿದ್ದೈತಿ.”

ಲೀಲಾಬಾಯಿ ಒಳಗೆ ಹೋದರು. ಕಿಟಕಿಯ ಕೊಂಡಿ ತೆಗೆದ ಸದ್ದು ಕೇಳಿತು. ಆಮೇಲೆ ಅಲ್ಲಿಂದಲೇ, “ಒಳಗ ಬರ್ರಿ ಅಣ್ಣಾರ, ಊಟದ ಹೊತ್ತಾತು,” ಎಂದು ಕರೆದರು. ಸಂಜೀವ ಮಾತ್ರ ಅಂಗಳದಲ್ಲೇ ಉಳಿದು ಬ್ಯಾಂಕಿನ ಸಾಹೇಬರಿಗೆ ಫೋನು ಹಚ್ಚಿ, ಆ ಮನೆಯ ಮಾಳಿಗೆ ಟೊಳ್ಳಾಗಿದೆ, ತಮ್ಮಂಥವರಿಗೆ ತಕ್ಕದ್ದಲ್ಲ ಎಂದು ವಿವರಿಸತೊಡಗಿದ.

ಸಂಜೆ ಕಟಗೇರಿಯವರು ಠಾಣೆಗೆ ಹೋಗಿ ತಕರಾರು ಹಿಂದೆ ಪಡೆದರು. ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ. ಎ.ಎಸ್.ಐ. ಸಾಹೇಬರು ಶ್ರೀಶೈಲನನ್ನು ಚಹ ತರಲು ಕಳಿಸಿ, ಬಾಗಿಲ ಕಡೆ ನೋಡಿ, ಮೇಜಿನ ಮೇಲೆ ಬಾಗಿ ಕೇಳಿದರು, “ಏನಂತ್ರಿ ಅದರ ಅರ್ಥ? ಮೂರು ದಿನದಿಂದ ತಲಿ ಕೆಟ್ಟೈತಿ.”

ಸೋಮವಾರ ಪರಪ್ಪ ಮಾಳಿಗೆಯ ಕೆಲಸ ಮುಗಿಸಿದ. ಮಂಗಳವಾರ ಬೆಳಿಗ್ಗೆ ಊರಿಗೆ ಹೊರಟ. ಗೌತಮನಿಗೆ ಕ್ಲಾಸಿದ್ದ ಕಾರಣ ಕಟಗೇರಿಯವರೇ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು. ರಾಮದುರ್ಗದ ಬಸ್ಸು ನಿಂತಿತ್ತು. ಪರಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. ಎರಡು ದಿನದಿಂದ ಅವನ ತಲೆಯಲ್ಲಿ ಒಂದು ಸಂಶಯ ಕೊರೆಯುತ್ತಿತ್ತು.

“ಸಾಹೇಬ್ರ, ಈಗ ಇಬ್ಬರs ಅದೇವಿ. ಒಂದು ಖರೇ ಹೇಳ್ರಿ. ನಿಮಗ ಇಂಗ್ಲಿಷ್ ಖರೇನ ಬರೂದಿಲ್ಲೋ, ಇಲ್ಲಾ ನಮ್ಮ ಮನಸ್ಸು ನೋಯಬಾರದು ಅಂತ ಬರೂದಿಲ್ಲ ಅಂದ್ರೋ?”

ಕಟಗೇರಿಯವರಿಗೆ ಬಾಗಿಲು ತೆರೆದಂತಾಯಿತು. ಒಂದು ಮುಗುಳ್ನಗೆ ಸಾಕಿತ್ತು, ಮಾತೇ ಆಡಬೇಕಿರಲಿಲ್ಲ. ಕಳೆದುಹೋದ ಇಂಗ್ಲಿಷೂ ಮರಳಿ ಬರುತ್ತಿತ್ತು, ಮೇಲೆ ದೊಡ್ಡ ಮನುಷ್ಯ ಎಂಬ ಹೆಸರೂ ಬರುತ್ತಿತ್ತು. ಸಂಜೆಯೊಳಗೆ ಸುರೇಬಾನಕ್ಕೆ, ನಾಳೆ ಗಿರಣಿ ಓಣಿಗೆ ಸುದ್ದಿ ಮುಟ್ಟುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ಖರೇನ ಬರೂದಿಲ್ಲರಿ,” ಎಂದರು.

ಪರಪ್ಪ ಅವರನ್ನು ಬಹಳ ಹೊತ್ತು ನೋಡಿದ, ದಾರದ ಗುಂಡು ಇಳಿಬಿಟ್ಟು ಗೋಡೆ ಸೀದಾ ಇದೆಯೋ ಇಲ್ಲವೋ ಎಂದು ನೋಡುವವನ ಹಾಗೆ. ಆಮೇಲೆ ತಲೆಯಾಡಿಸಿದ. “ಒಮ್ಮೆ ಸುರೇಬಾನಕ್ಕ ಊಟಕ್ಕ ಬರ್ರಿ. ನಮ್ಮ ಪದ್ಮವ್ವ ಛಲೋ ಅಡಗಿ ಮಾಡತಾಳ.”

“ಬರ್ತೀನಿ.”

“ಬರತೇನಿ ಅಂದವರು ಭಾಳ ಮಂದಿ ಅದಾರ್ರಿ,” ಎಂದ ಪರಪ್ಪ, ನಗುತ್ತಲೇ. ಒಳಗೆ ಹೋಗಿ ಕಿಟಕಿಯ ಪಕ್ಕ ಕೂತ.

ಕಂಡಕ್ಟರ್ ಸೀಟಿ ಊದಿದ. ಕಟಗೇರಿಯವರು ಸ್ವಲ್ಪ ಹೊತ್ತು ನಿಂತಿದ್ದರು. ಬಸ್ಸು ಹಿಂದೆ ಸರಿಯತೊಡಗಿದಾಗ ಕೈ ಎತ್ತಿ ನಿಲ್ಲಿಸಿ, ಚೀಲದ ಜೊತೆಗೆ ತಾವೂ ಹತ್ತಿ, ಪರಪ್ಪನ ಪಕ್ಕದ ಖಾಲಿ ಜಾಗದಲ್ಲಿ ಕೂತರು. ಪರಪ್ಪ ಕಿಟಕಿಯತ್ತ ಸ್ವಲ್ಪ ಸರಿದ. ಕಟಗೇರಿಯವರು ಫೋನು ತೆಗೆದು ಮನೆಗೆ ಹಚ್ಚಿದರು.

“ಲೀಲಾ, ಮಧ್ಯಾಹ್ನ ನನಗ ಅನ್ನಾ ಇಡಬ್ಯಾಡ. ನಾ ಸುರೇಬಾನಕ್ಕ ಊಟಕ್ಕ ಹೊಂಟೀನಿ.”

ಲೀಲಾಬಾಯಿಯವರ ದನಿ ಪರಪ್ಪನಿಗೂ ಕೇಳುವಷ್ಟು ದೊಡ್ಡದಾಗಿ ಬಂತು. “ಬರಿಗೈಲೆ ಹೋಗಬ್ಯಾಡ್ರಿ ಮತ್ತ. ರಾಮದುರ್ಗದಾಗ ಇಳದು ಬಾಳಿಹಣ್ಣು ತಗೋರಿ.”